ಕಾಪು ದಾಟಿತಾ, ಮುಲ್ಕಿ ಬಂತಾ? ದೊಡ್ಡ ಕಾಗದ ಓದುವುದು ಹೀಗೆ

ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಲ್ಲಿ ಹೋಗುವವರು ಕಿಟಕಿ ನೋಡಬೇಕೆಂದೇ ಇಲ್ಲ. ಕಟಪಾಡಿ ಆದ ಮೇಲೆ ಕಾಪು, ಪಡುಬಿದ್ರಿ ಆದ ಮೇಲೆ ಮುಲ್ಕಿ, ನಿದ್ದೆಯಲ್ಲೂ ಗೊತ್ತಾಗುತ್ತದೆ. ಅದೇ ಬಸ್ಸಲ್ಲಿ ಒಮ್ಮೆ ನನ್ನ ಪಕ್ಕ ಕೂತಿದ್ದ ಎಂ.ಎಸ್ಸಿ. ಹುಡುಗಿ ಸಂಶೋಧನಾ ಲೇಖನವೊಂದನ್ನು ಮೊದಲ ಸಾಲಿನಿಂದಲೇ ಹೈಲೈಟರ್ ಹಿಡಿದು ಓದುತ್ತಾ ಬಂದಳು. ಪಡುಬಿದ್ರಿ ಬರುವಷ್ಟರಲ್ಲಿ ಪುಟ ಪೂರ್ತಿ ಹಳದಿ, ಅವಳಿಗೆ ಗಾಢ ನಿದ್ದೆ.

ಬರೆದ ಕ್ರಮದಲ್ಲೇ ಓದಬೇಕೆಂದು ಯಾರು ಹೇಳಿದ್ದು ಮಾರಾಯ್ರೆ? ಸಂಶೋಧನಾ ಲೇಖನ, ಸರ್ಕಾರಿ ಆದೇಶ, ಕೋರ್ಟ್ ತೀರ್ಪು, ಇನ್ಶೂರೆನ್ಸ್ ಪಾಲಿಸಿ, ಎಲ್ಲಕ್ಕೂ ಗೊತ್ತಾದ ಸ್ಟಾಪುಗಳು ಉಂಟು. ನಿಮಗೆ ಬೇಕಾದ ಸ್ಟಾಪು ಯಾವುದೆಂದು ತಿಳಿದರೆ ಸೀದಾ ಅಲ್ಲೇ ಇಳಿಯಬಹುದು.

ಮೊದಲ ಎರಡು ನಿಮಿಷ ಓದಲೇ ಬೇಡಿ. ಸುಮ್ನೆ ಪುಟ ತಿರುವಿ, ಉಪಶೀರ್ಷಿಕೆಗಳನ್ನು ಮಾತ್ರ ನೋಡಿ. ಇದು ಯಾವ ರೂಟಿನ ಬಸ್ಸು ಎಂದು ಅಲ್ಲೇ ತಿಳಿಯುತ್ತದೆ.

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ತಲೆಬರಹ ಕಂಡರೆ ಅದು ವಿಜ್ಞಾನದ ಲೇಖನ. ಮೇಲೆ ಸಾರಾಂಶ ಇರುತ್ತದೆ. ವೈದ್ಯಕೀಯ ನಿಯತಕಾಲಿಕಗಳಲ್ಲಿ 1987ರಿಂದೀಚೆಗೆ ಸಾರಾಂಶದೊಳಗೇ ಉದ್ದೇಶ, ವಿಧಾನ, ಫಲಿತಾಂಶ ಎಂದು ಬಿಡಿಸಿ ಬರೆಯುವ ರೂಢಿ ಬಂದಿದೆ, ಅದು ನಮ್ಮ ಪುಣ್ಯ. ಸಾರಾಂಶ ಆದ ಮೇಲೆ ಪೀಠಿಕೆಯ ಕೊನೆಯ ಪ್ಯಾರಾಕ್ಕೆ ಹಾರಿ. ಯಾಕೆ ಕೊನೆಯದು? ಪೀಠಿಕೆ ಸಾಮಾನ್ಯವಾಗಿ ಮೂರು ಹೆಜ್ಜೆ ಇಡುತ್ತದೆ ಎಂದು ಭಾಷಾತಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ತೋರಿಸಿಕೊಟ್ಟರು. ವಿಷಯ ಎಷ್ಟು ಮುಖ್ಯ ಅನ್ನುವುದು ಮೊದಲ ಹೆಜ್ಜೆ, ಈವರೆಗಿನ ತಿಳಿವಳಿಕೆಯಲ್ಲಿ ಎಲ್ಲಿ ಖಾಲಿ ಜಾಗ ಇದೆ ಅನ್ನುವುದು ಎರಡನೆಯದು, ಆ ಜಾಗ ತುಂಬಲು ನಾವು ಏನು ಮಾಡಿದೆವು ಅನ್ನುವುದು ಮೂರನೆಯದು. ಬೂತಾಯಿ ಬಗ್ಗೆ ಒಂದು ಲೇಖನ ಇದೆ ಅಂತ ಇಟ್ಟುಕೊಳ್ಳಿ. 'ಬೂತಾಯಿ ಕರಾವಳಿಯ ಜನರಿಗೆ ಮುಖ್ಯ ಮೀನು' ಎಂದು ಶುರುವಾಗಿ, ಒಂದು ಪುಟ ಹಿಂದಿನವರು ಮಾಡಿದ್ದನ್ನೆಲ್ಲ ಹೇಳಿ, 'ಆದರೆ ಮರಿಗಳು ಏನು ತಿನ್ನುತ್ತವೆ ಎಂಬುದು ಸ್ಪಷ್ಟವಿಲ್ಲ' ಎಂದು ತಿರುಗುತ್ತದೆ. ಆ 'ಆದರೆ'ಗೆ ಒಂದು ಗೆರೆ ಎಳೆಯಿರಿ. ಇಡೀ ಪೀಠಿಕೆಗೆ ಅದೊಂದೇ ಗೆರೆ ಸಾಕು.

ಆಮೇಲೆ ಚರ್ಚೆಯ ಮೊದಲ ಪ್ಯಾರಾ, ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ. ಚರ್ಚೆಯ ಕೊನೆಯ ಕಡೆ 'ಮಿತಿಗಳು' ಎಂದು ಬರುವುದನ್ನು ಬಿಡಲೇಬೇಡಿ. ಒಂದೇ ಬಂದರಿನ ಮೀನು ನೋಡಿದ್ದೇವೆ, ಒಂದೇ ವರ್ಷದ ಲೆಕ್ಕ ಇದು ಎಂದು ಬರೆದವರೇ ಒಪ್ಪಿಕೊಳ್ಳುವ ಜಾಗ ಅದು. ವಿಧಾನದ ಭಾಗ? ಅದೇ ಪ್ರಯೋಗ ನೀವೂ ಮಾಡುವವರಾದರೆ, ಅಥವಾ ಉತ್ತರದ ಮೇಲೆ ಅನುಮಾನ ಬಂದರೆ ಓದಿ.

ಸರ್ಕಾರಿ ಆದೇಶದ್ದು ಬೇರೆಯೇ ದಾರಿ. 'ಕರ್ನಾಟಕ ಸರ್ಕಾರದ ನಡವಳಿಗಳು', ಕೆಳಗೆ 'ವಿಷಯ', ಮತ್ತೆ 'ಓದಲಾಗಿದೆ' ಎಂದು ಹಳೆಯ ಪತ್ರಗಳ ಪಟ್ಟಿ, ಅದಾದ ಮೇಲೆ 'ಪ್ರಸ್ತಾವನೆ'. ಪ್ರಸ್ತಾವನೆಯಲ್ಲಿ ಯಾವುದೋ ಇಲಾಖೆ ಏನೋ ಕೇಳಿದ್ದು ಇರುತ್ತದೆ, ಕೇಳಿದ್ದೆಲ್ಲ ಸಿಕ್ಕಿದೆ ಎಂದಲ್ಲ. ಸಿಕ್ಕಿದ್ದು ಎಷ್ಟು ಎಂದು ತಿಳಿಯಲು ಅದರ ಕೆಳಗೆ, ಆದೇಶ ಸಂಖ್ಯೆ ಮತ್ತು ದಿನಾಂಕ ಹಾಕಿರುವ ಭಾಗಕ್ಕೆ ಹೋಗಬೇಕು. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಿ.

ತೀರ್ಪೂ ಹಾಗೇ, ಕೊನೆಯ ಪ್ಯಾರಾ ಮೊದಲು. ಇನ್ನೊಂದು ಎಚ್ಚರ ಜಾಸ್ತಿ ಬೇಕು. ನಡುವಿನ ಪುಟಗಳಲ್ಲಿ ಎರಡೂ ಕಡೆಯ ವಕೀಲರ ವಾದವನ್ನು ನ್ಯಾಯಾಧೀಶರು ಬರೆದಿರುತ್ತಾರೆ. ಅದನ್ನೇ ಕತ್ತರಿಸಿ 'ಕೋರ್ಟ್ ಹೀಗೆ ಹೇಳಿದೆ' ಎಂದು ವಾಟ್ಸಾಪಿನಲ್ಲಿ ಹಂಚುವವರು ನಮ್ಮ ಮನೆಯಲ್ಲೇ ಇದ್ದಾರೆ, ನಿಮ್ಮಲ್ಲೂ ಇರಬಹುದು.

ಇನ್ನು ಪಾಲಿಸಿ. ಇಲ್ಲಿ ನಾನು ದುಡ್ಡು ಕೊಟ್ಟು ಕಲಿತದ್ದು. ಮೂರು ಲಕ್ಷದ ಆರೋಗ್ಯ ವಿಮೆ ಇತ್ತು. ಆಸ್ಪತ್ರೆಯಲ್ಲಿ ದಿನಕ್ಕೆ 5000 ರೂಪಾಯಿಯ ರೂಮು ತಗೊಂಡೆವು. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ವಿಮೆ ಮೊತ್ತದ ಶೇ 1 ಎಂದಿತ್ತು, ಅಂದರೆ 3000. ದಿನಕ್ಕೆ ಎರಡು ಸಾವಿರ ತಾನೇ, ಕೈಯಿಂದ ಹಾಕಿದರಾಯಿತು ಎಂದುಕೊಂಡಿದ್ದೆ. ಅವರು ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ಬಿಲ್ಲನ್ನೂ ಅದೇ ಲೆಕ್ಕದಲ್ಲಿ, ಅಂದರೆ 5000ಕ್ಕೆ 3000ದಂತೆ ಕಡಿದು ನೂರಕ್ಕೆ ಅರವತ್ತು ಕೊಟ್ಟರು. ಮೋಸ ಏನಲ್ಲ, ಪಾಲಿಸಿಯಲ್ಲೇ ಬರೆದಿತ್ತು.

ಪಾಲಿಸಿಯಲ್ಲಿ ಮೊದಲು ಶೆಡ್ಯೂಲ್ (ನಿಮ್ಮ ಹೆಸರು, ವಿಮೆ ಮೊತ್ತ, ಅವಧಿ ಇರುವ ಪುಟ), ಆಮೇಲೆ ವ್ಯಾಖ್ಯೆಗಳು, ಸಿಗುವ ಸೌಲಭ್ಯಗಳು, ಸಿಗದೇ ಇರುವವು, ಕೊನೆಗೆ ಷರತ್ತುಗಳು, ಹೆಚ್ಚುಕಡಿಮೆ ಹೀಗೆ ಇರುತ್ತದೆ. ನಾವು ಸೌಲಭ್ಯ ಓದಿ ಖುಷಿಯಾಗಿ ಮಡಚಿಡುತ್ತೇವೆ, ಅಲ್ವಾ? ತಿರುಗಿಸಿ ಓದಿ. ಸಿಗದೇ ಇರುವವು ಮೊದಲು, ಸೌಲಭ್ಯ ಆಮೇಲೆ. ದಪ್ಪಕ್ಷರದ ಪದ ಕಂಡರೆ ಅದಕ್ಕೆ ನಿಘಂಟಿನ ಅರ್ಥ ಹಚ್ಚಬೇಡಿ, ವ್ಯಾಖ್ಯೆಯ ಪುಟದಲ್ಲಿ ಅವರೇ ಕೊಟ್ಟ ಅರ್ಥ ಇರುತ್ತದೆ. 'ಒಳಪಟ್ಟು', 'ಹೊರತುಪಡಿಸಿ', ಕಾನೂನಿನಲ್ಲಾದರೆ 'ಪರಂತು', ಇಂಥ ಪದ ಬಂದಲ್ಲಿ ನಿಲ್ಲಿ. ಮೊದಲ ಅರ್ಧ ವಾಕ್ಯದಲ್ಲಿ ಕೊಟ್ಟದ್ದನ್ನು ಉಳಿದರ್ಧದಲ್ಲಿ ವಾಪಸ್ ತಗೊಳ್ಳುವುದು ಅಲ್ಲೇ.

ಅಷ್ಟು ಪುರುಸೊತ್ತು ಇಲ್ಲದಿದ್ದರೆ ಆರೋಗ್ಯ ವಿಮೆಯ ಜೊತೆ ಬರುವ, ಮುಖ್ಯ ವಿಷಯಗಳನ್ನು ಚಿಕ್ಕದಾಗಿ ಹೇಳುವ ಕಸ್ಟಮರ್ ಇನ್ಫರ್ಮೇಷನ್ ಶೀಟ್ ಆದರೂ ಓದಿ, ಕೇಳಿದರೆ ಕನ್ನಡದಲ್ಲೂ ಕೊಡಬೇಕು. ಬ್ಯಾಂಕ್ ಸಾಲಕ್ಕೆ ಇದೇ ತರಹದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಇದೆ. ಬಡ್ಡಿ, ಫೀಸು ಎಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆಂದು ಅದರಲ್ಲಿ ನೋಡಿ.

ಪಾಲಿಸಿ ಕೈಗೆ ಬಂದ ಮೇಲೆ ಬೇಡವೆಂದು ಹಿಂದಿರುಗಿಸಲು 30 ದಿನ ಸಮಯ ಇದೆ. ಅಲ್ಲಿವರೆಗೆ ಅದನ್ನು ಬೀರುವಿಗೆ ಹಾಕಬೇಡಿ, ಟಿವಿ ಪಕ್ಕದಲ್ಲೇ ಇರಲಿ.