ಅಗ್ಗದ ರೌಂಡ್ ಸಿಕ್ಕಿಕೊಳ್ಳುತ್ತಿದೆಯೇ? ಬೈಯುವ ಮೊದಲು ಇಷ್ಟು ನೋಡಿ

ಪಿಸ್ತೂಲು ಅಭ್ಯಾಸಕ್ಕೆಂದು ಕಡಿಮೆ ಬೆಲೆಯ 9 ಎಂಎಂ ರೌಂಡ್ (ಕೇಸ್ ಎಂಬ ಲೋಹದ ಕವಚ, ಅದರೊಳಗೆ ಮದ್ದು, ತುದಿಯಲ್ಲಿ ಗುಂಡು) ತಂದಿರುತ್ತೀರಿ. ಒಂದಷ್ಟು ಸರಾಗವಾಗಿ ಹೋಗುತ್ತವೆ, ಆಮೇಲೆ ಸ್ಲೈಡ್, ಅಂದರೆ ಹೊಡೆದಾಗ ಹಿಂದೆ ಮುಂದೆ ಜಾರುವ ಮೇಲಿನ ಭಾಗ, ಅರ್ಧದಲ್ಲೇ ನಿಂತುಬಿಡುತ್ತದೆ. ‘ಚೀಪ್ ಮಾಲು, ಇನ್ನೇನಾಗುತ್ತೆ’ ಎಂದು ಪಕ್ಕದವರು ತೀರ್ಪು ಕೊಟ್ಟೂ ಆಯಿತು. ಇರಬಹುದು. ಆದರೆ ಮ್ಯಾಗಜೀನ್ (ರೌಂಡ್ ತುಂಬುವ ಡಬ್ಬಿ), ಮಸಿ, ನಿಮ್ಮ ಹಿಡಿತ, ಇವು ಮೂರೂ ಇದೇ ತೊಂದರೆ ಕೊಡುತ್ತವೆ. ಹಾಗಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಮ್ಯಾಗಜೀನ್, ಎಣ್ಣೆ, ರೌಂಡ್ ಎಲ್ಲಾ ಒಟ್ಟಿಗೆ ಬದಲಿಸಿದರೆ ಪಿಸ್ತೂಲು ಸರಿಹೋಗಬಹುದು, ಯಾವುದರಿಂದ ಸರಿಹೋಯಿತು ಅನ್ನೋದು ಮಾತ್ರ ಗೊತ್ತಾಗುವುದಿಲ್ಲ.

ಏನೇ ಆದರೂ ನಳಿಕೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ, ರಕ್ಷಣೆಯ ಕನ್ನಡಕ ತೆಗೆಯಬೇಡಿ. ಪಿಸ್ತೂಲು ತಿರುಗಿಸಿ ಒಳಗೆ ಇಣುಕುವ ಚಪಲ ಎಲ್ಲರಿಗೂ ಬರುತ್ತದೆ. ಬೇಡ.

ಈಗ, ಟ್ರಿಗರ್ ಒತ್ತಿದಾಗ ಯಾವ ಸದ್ದು ಬಂತು?

ಬರೀ ‘ಕ್ಲಿಕ್’ ಅಂದರೆ ಕೈ ಅಲ್ಲಾಡಿಸದೆ ಕನಿಷ್ಠ 30 ಸೆಕೆಂಡ್ ಕಾಯಿರಿ. ರೇಂಜ್‌ನವರು (ಅಭ್ಯಾಸದ ಜಾಗ ನೋಡಿಕೊಳ್ಳುವವರು) ಇನ್ನೂ ಜಾಸ್ತಿ ಹೊತ್ತು ಹೇಳಿದ್ದರೆ ಅಷ್ಟೂ ಹೊತ್ತು. ಮದ್ದು ತಡವಾಗಿ ಹೊತ್ತಿಕೊಳ್ಳುವುದು ಅಪರೂಪ, ಆದರೆ ಉಂಟು. ಆಮೇಲೆ ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ರೌಂಡ್ ಹೊರಗೆ ಹಾಕಿ ಅದರ ಬುಡ ನೋಡಿ. ಪ್ರೈಮರ್ (ಬುಡದ ನಡುವೆ ಇರುವ, ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಮೇಲೆ ಆಳವಾದ ಗುಳಿ ಬಿದ್ದಿದ್ದೂ ಹಾರಿಲ್ಲವೆಂದರೆ ತಪ್ಪು ಬಹುಪಾಲು ರೌಂಡಿನದೇ. ಗುಳಿ ತೆಳ್ಳಗಿದ್ದರೆ ಅಷ್ಟು ಸುಲಭವಾಗಿ ಹೇಳಲಾಗುವುದಿಲ್ಲ: ಪ್ರೈಮರ್ ಗಟ್ಟಿ ಇರಬಹುದು, ಪೂರ್ತಿ ಒಳಗೆ ಕೂತಿರದೆ ಇರಬಹುದು, ಅಥವಾ ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್ ಓಡಾಡುವ ದಾರಿಯಲ್ಲೇ ಹಳೆ ಎಣ್ಣೆ, ಮಸಿ ಸೇರಿ ಅಂಟು ಕಟ್ಟಿರಬಹುದು. ಗುಳಿಯೇ ಇಲ್ಲವೇ? ಸ್ಲೈಡ್ ಪೂರ್ತಿ ಮುಚ್ಚಿತ್ತಾ ಅಂತ ನೋಡಿ, ಪಿನ್ ಮುರಿದಿದೆಯಾ ಅಂತಲೂ ನೋಡಿಸಿ. ಹೊರಗೆ ಏನೂ ಬೀಳದಿದ್ದರೆ ಚೇಂಬರ್, ಅಂದರೆ ಬ್ಯಾರೆಲ್ (ನಳಿಕೆ) ಹಿಂಬದಿಯಲ್ಲಿ ರೌಂಡ್ ಕೂರುವ ಜಾಗ, ನೋಡಿ; ಅದು ಖಾಲಿಯಿದ್ದರೆ ಬಹುಶಃ ಮ್ಯಾಗಜೀನ್ ಸರಿಯಾಗಿ ಕೂತಿರಲಿಲ್ಲ.

‘ಢಂ’ ಬದಲು ಸಪ್ಪೆಯಾಗಿ ‘ಪಟ್’ ಅಂತು, ಕೈಗೆ ಹೊಡೆತವೂ ಬರಲಿಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ಸ್ಲೈಡ್ ಎಳೆದು ಮುಂದಿನದನ್ನು ಹೊಡೆಯುವ ಅಭ್ಯಾಸ ಇಲ್ಲಿ ಅಪಾಯ. ಮದ್ದು ಇಲ್ಲದೆಯೋ ಕಮ್ಮಿಯಾಗಿಯೋ ಗುಂಡು ಬ್ಯಾರೆಲ್ ಒಳಗೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೋದರೆ ಬ್ಯಾರೆಲ್ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಪಿಸ್ತೂಲು ಖಾಲಿ ಮಾಡಿ, ಬ್ಯಾರೆಲ್ ಬಿಚ್ಚಿ, ಚೇಂಬರ್ ಕಡೆಯಿಂದ ಬೆಳಕು ಹಾಯುತ್ತದಾ ನೋಡಿ. ಹಾಯದಿದ್ದರೆ ರಿಪೇರಿಯವರ ಕೈಗೆ ಕೊಡಿ. ಆ ಪೆಟ್ಟಿಗೆಯಲ್ಲಿ ಉಳಿದದ್ದನ್ನೂ ನಾನಾದರೆ ಮುಟ್ಟುವುದಿಲ್ಲ.

ಸದ್ದು ಸರಿಯಾಗಿಯೇ ಬಂದು ಆಮೇಲೆ ಸಿಕ್ಕಿಕೊಂಡಿತೇ? ಜಾಸ್ತಿ ಜನರ ತೊಂದರೆ ಇದೇ. ಖಾಲಿ ಕೇಸ್ ತಾನು ಹೊರಬೀಳುವ ಕಿಂಡಿಯಲ್ಲಿ ನೆಟ್ಟಗೆ ನಿಂತಿದ್ದರೆ ಸ್ಲೈಡ್ ಸಾಕಷ್ಟು ಹಿಂದಕ್ಕೆ ಹೋಗಿಲ್ಲ ಎಂದರ್ಥ. ಅಭ್ಯಾಸದ ರೌಂಡ್‌ಗಳಲ್ಲಿ ಸಾಮಾನ್ಯವಾಗಿ 115 ಗ್ರೇನ್ (ತೂಕದ ಅಳತೆ) ಗುಂಡು ಇರುತ್ತದೆ, ಮದ್ದಿನ ಜೋರೂ ಕೆಲವೊಮ್ಮೆ ಕಮ್ಮಿ. ಹಾಗಿದ್ದರೆ ಹೊಸ ಪಿಸ್ತೂಲಿನ ಬಿಗಿ ಸ್ಪ್ರಿಂಗನ್ನು ತಳ್ಳಲು ಅದಕ್ಕೆ ಆಗದಿರಬಹುದು. ಮಣಿಕಟ್ಟು ಸಡಿಲ ಬಿಟ್ಟರೂ ಹೀಗೇ ಆಗುತ್ತದೆ, ಯಾಕೆಂದರೆ ಸ್ಲೈಡ್ ಹಿಂದಕ್ಕೆ ಹೋಗಬೇಕಾದ ಜೋರು ನಿಮ್ಮ ಕೈ ಅಲ್ಲಾಡುವುದರಲ್ಲೇ ಕಳೆದುಹೋಗುತ್ತದೆ. ಅದೇ ರೌಂಡನ್ನು ಬಿಗಿ ಹಿಡಿತದವರು ಹೊಡೆದು ನೋಡಲಿ. ಅವರಿಗೂ ಸಿಕ್ಕಿಕೊಂಡರೆ ಸ್ಲೈಡ್ ಹಳಿಗಳಿಗೆ ಒಂದೆರಡು ಹನಿ ಎಣ್ಣೆ. ಅದೂ ಆಗದಿದ್ದರೆ 124 ಗ್ರೇನ್ ಹಾಕಿ ನೋಡಿ.

ಕೇಸ್ ಚೇಂಬರ್‌ನಲ್ಲೇ ಉಳಿದರೆ ಅದನ್ನು ಹೊರತೆಗೆದು ಅಂಚು ಗಮನಿಸಿ. ಅಂಚು ಹರಿದಿದ್ದರೆ ಎಕ್ಸ್‌ಟ್ರಾಕ್ಟರ್ (ಕೇಸನ್ನು ಹಿಡಿದು ಹೊರಗೆಳೆಯುವ ಭಾಗ) ಎಳೆದಿದೆ, ಕೇಸ್ ಬಿಡಲಿಲ್ಲ: ಬಹುಶಃ ಚೇಂಬರ್ ಕೊಳೆಯಾಗಿದೆ. ಅಂಚಿಗೆ ಗೀರೂ ಬಿದ್ದಿಲ್ಲವೆಂದರೆ ಎಕ್ಸ್‌ಟ್ರಾಕ್ಟರ್ ಹಿಡಿದೇ ಇಲ್ಲ. ಅದರ ಕೊಕ್ಕೆಯ ಕೆಳಗೆ ಹಲ್ಲುಕಡ್ಡಿ ಹಾಕಿ ಕೆರೆದರೆ ಕರಿ ಹಿಟ್ಟಿನಂಥದ್ದು ಉದುರುತ್ತದೆ. ಸ್ಟೀಲ್ ಕೇಸ್ ಬಳಸುವವರಿಗೆ ಕೇಸ್ ಹೀಗೆ ಅಂಟಿಕೊಳ್ಳುವುದು ಜಾಸ್ತಿ. ಹಿತ್ತಾಳೆ ಹಿಗ್ಗಿ ಚೇಂಬರ್ ಗೋಡೆಗೆ ಒತ್ತಿ ಕೂರುತ್ತದೆ, ಸ್ಟೀಲ್ ಅಷ್ಟು ಹಿಗ್ಗುವುದಿಲ್ಲ, ಆ ಸಂದಿಯಲ್ಲಿ ಹೊಗೆ ನುಗ್ಗಿ ಮಸಿ ಕೂರುತ್ತದೆ. ಸ್ಟೀಲ್ ಹೊಡೆದ ಕೂಡಲೇ ಹಿತ್ತಾಳೆ ಹಾಕುವ ಮೊದಲು ಚೇಂಬರ್‌ಗೆ ಬ್ರಶ್ ಹಾಕಿ.

ರೌಂಡಿನ ಮೂತಿ ಕೆಳಗೆ ಬಾಗಿ ಒಳಗೆ ಹೋಗದಿದ್ದರೆ ಮೊದಲ ಅನುಮಾನ ಮ್ಯಾಗಜೀನ್ ಮೇಲೆ. ಎಲ್ಲಾ ಮ್ಯಾಗಜೀನ್‌ಗೂ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ. ಪ್ರತಿ ಸಲವೂ 2ನೇದೇ ಕೈಕೊಡುತ್ತಿದ್ದರೆ ರೌಂಡನ್ನು ಯಾಕೆ ಸುಮ್ನೆ ಬೈಯುವುದು, ಅಲ್ವಾ? ಎಲ್ಲದರಲ್ಲೂ ಆದರೆ ಪಿಸ್ತೂಲು ಖಾಲಿ ಮಾಡಿ, ಬ್ಯಾರೆಲ್ ಬಿಚ್ಚಿ, ಗುಂಡು ಹೊರಹೋಗುವ ತುದಿ ಕೆಳಗೆ ಮಾಡಿ, ರೌಂಡನ್ನು ಚೇಂಬರ್‌ಗೆ ಬಿಡಿ. ‘ಟಕ್’ ಎಂದು ಕೂತು, ಬೆರಳಲ್ಲಿ ತಿರುಗಿ, ಬ್ಯಾರೆಲ್ ಬೋರಲು ಮಾಡಿದರೆ ತಾನೇ ಬೀಳಬೇಕು. ಇಲ್ಲದಿದ್ದರೆ ಅಳತೆಯೇ ಸರಿಯಿಲ್ಲ. ಸಿಕ್ಕಿಕೊಂಡ ರೌಂಡನ್ನು ಹೊಸದರ ಪಕ್ಕ ನಿಲ್ಲಿಸಿಯೂ ನೋಡಿ. ಗುಂಡು ಒಳಗೆ ತಳ್ಳಿಕೊಂಡು ಗಿಡ್ಡವಾಗಿದ್ದರೆ ಒತ್ತಡ ಏರುತ್ತದೆ, ಅದನ್ನು ಹೊಡೆಯಬೇಡಿ.

ಪೆಟ್ಟಿಗೆ ಎಸೆಯಬೇಡಿ, ಯಾವ ಕಂತಿನಲ್ಲಿ ತಯಾರಾದದ್ದು ಎಂದು ತಿಳಿಸುವ ಲಾಟ್ ನಂಬರ್ ಇರುವುದು ಅದರ ಮೇಲೆ. ಅಂಗಡಿಯವರೂ ಕಂಪನಿಯವರೂ ಮೊದಲು ಕೇಳುವುದು ಅದನ್ನೇ. ಹಾರದೆ ಉಳಿದ ರೌಂಡ್‌ಗಳನ್ನು ಜೇಬಿಗೂ ಕಸದ ಬುಟ್ಟಿಗೂ ಹಾಕದೆ ರೇಂಜ್‌ನವರಿಗೇ ಒಪ್ಪಿಸಿ.