ಪೇಟಿ ರಿಪೇರಿಗೆ ಹೋದ ತಿಂಗಳು ಲ್ಯಾಪ್‌ಟಾಪ್‌ನಲ್ಲೇ ಸರಿಗಮ

ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ದಿನವಿಡೀ ಲಗ್ನಪತ್ರಿಕೆ, ಅರ್ಜಿ, ಕರಾರು ಪತ್ರ ಟೈಪ್ ಮಾಡುತ್ತೇನೆ. ಶನಿವಾರ ರಾತ್ರಿ ಹನುಮಪ್ಪನ ಗುಡಿಯಲ್ಲಿ ಭಜನೆ. ಅಲ್ಲಿ ಪೇಟಿ ನುಡಿಸುವ ಮಾಸ್ತರ ಹತ್ತಿರ ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಹೊರಗಿನವರು ಹಾರ್ಮೋನಿಯಂ ಅನ್ನುತ್ತಾರೆ, ನಮಗೆ ಅದು ಪೇಟಿ.

ಬೇಸಿಗೆಯಲ್ಲಿ ನನ್ನ ಪೇಟಿ ಕೈಕೊಟ್ಟಿತು. ಒಂದು ಸ್ವರ ಒತ್ತದೇ ಇದ್ದರೂ ಕೂಗುತ್ತಲೇ ಇತ್ತು. ರಿಪೇರಿ ಮಾಡುವವರು ಒಂದು ತಿಂಗಳು ಬೇಕು ಅಂದರು. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ನಮ್ಮ ಜಿಲ್ಲೆಯ ಊರುಗಳೇ. ಇಲ್ಲಿ ಭಜನೆ ಅಂದರೆ ದಾಸರ ಪದ ಇರಲೇಬೇಕು. ಪದಕ್ಕೆ ಕೂತರೆ ಬೆರಳು ಓಡಲೇಬೇಕು. ಒಂದು ತಿಂಗಳು ಸುಮ್ನೆ ಕೂತರೆ ಕಲಿತದ್ದೆಲ್ಲ ಹೋಗುತ್ತದೆ ಅನ್ನುವ ಭಯ ನನಗೆ. ಮನೆಯಲ್ಲಿ ಲಿನಕ್ಸ್ ಹಾಕಿಟ್ಟ ಹಳೆ ಲ್ಯಾಪ್‌ಟಾಪ್ ಇತ್ತು. ಅದನ್ನೇ ಪೇಟಿ ಮಾಡಿಕೊಳ್ಳೋಣ ಅಂತ ಕೂತೆ.

ವಿಎಂಪಿಕೆ ಅನ್ನುವ ಉಚಿತ ತಂತ್ರಾಂಶ ಇದೆ. ತೆರೆದರೆ ಪರದೆಯ ಮೇಲೆ ಪೇಟಿಯ ಹಾಗೆ ಬೆರಳಿಡುವ ಕಪ್ಪು ಬಿಳಿ ಮನೆಗಳು ಕಾಣುತ್ತವೆ. ಟೈಪ್ ಮಾಡುವ ಕೀ ಒತ್ತಿದರೆ ಮನೆ ಒತ್ತಿದ ಹಾಗೆ. ಆದರೆ ಮೊದಲ ದಿನ ಒಂದು ಸ್ವರವೂ ಬರಲಿಲ್ಲ. ಅದಕ್ಕೆ ಎರಡು ಕಾರಣ ಇದ್ದವು. ಒಂದು, ಈ ತಂತ್ರಾಂಶ ದನಿ ಮಾಡುವುದಿಲ್ಲ. 'ಇಂಥ ಸ್ವರ ಶುರು, ಇಂಥ ಸ್ವರ ಬಂದ್' ಅಂತ ಮಿಡಿ ಅನ್ನುವ, ವಾದ್ಯ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಭಾಷೆಯಲ್ಲಿ ಸುದ್ದಿ ಮಾತ್ರ ಕಳಿಸುತ್ತದೆ. 1983ರಲ್ಲಿ ಬಂದ ಈ ಭಾಷೆಯಲ್ಲಿ 0ಯಿಂದ 127ರವರೆಗೆ ಸ್ವರಗಳ ನಂಬರು, ನಡುವಿನ ಬಿಳಿ ಒಂದಕ್ಕೆ, ಅಂದರೆ ನಡುವಿನ ಸಪ್ತಕದ ಮೊದಲ ಬಿಳಿ ಮನೆಗೆ, 60. ಆ ಸುದ್ದಿ ಕೇಳಿ ದನಿ ಮಾಡುವುದಕ್ಕೆ ಫ್ಲೂಯಿಡ್‌ಸಿಂತ್ ಅನ್ನುವ ಇನ್ನೊಂದು ತಂತ್ರಾಂಶ, ಜೊತೆಗೆ ವಾದ್ಯಗಳ ದನಿ ತುಂಬಿದ ಸೌಂಡ್‌ಫಾಂಟ್ ಫೈಲು ಬೇಕು. ಮಿಡಿಯ 128 ವಾದ್ಯಗಳ ಪಟ್ಟಿಯಲ್ಲಿ 21ನೆಯದು ರೀಡ್ ಆರ್ಗನ್. ಪೇಟಿಗೆ ಹತ್ತಿರದ ದನಿ ಅದೇ.

ಎರಡನೇ ಕಾರಣ ನಮ್ಮಂಥ ಕನ್ನಡ ಟೈಪ್ ಮಾಡುವವರಿಗೇ ಬರುವಂಥದ್ದು. ಕನ್ನಡ ಕೀಲಿಮಣೆ ಆನ್ ಇತ್ತು! ತಂತ್ರಾಂಶ ಇಂಗ್ಲಿಷ್ ಅಕ್ಷರಕ್ಕೆ ಕಾಯುತ್ತಿತ್ತು, ನಾನು ಒತ್ತಿದ್ದು ಕನ್ನಡ ಅಕ್ಷರವಾಗಿ ಹೋಗುತ್ತಿತ್ತು. ಇಂಗ್ಲಿಷ್‌ಗೆ ತಿರುಗಿಸಿದ ಕೂಡಲೇ ದನಿ ಬಂತು. ಅರ್ಧ ದಿನ ಇದರಲ್ಲೇ ಕಳೆದಿತ್ತು.

ಮಾಸ್ತರಿಗೆ ತೋರಿಸಿದೆ. ಎರಡು ಸಾಲು ನುಡಿಸುತ್ತಲೇ ಕೈ ಎತ್ತಿದರು. "ತಮ್ಮಾ, ಬಟ್ಟು ಇಟ್ಟ ಮ್ಯಾಲೆ ಸ್ವರ ಬರಾಕ ಹೊತ್ತು ಹಿಡಿಯಾಕತ್ತೈತಿ. ತಾಳ ಹೆಂಗ ಕೂಡಬೇಕು?" ನಿಜ. ನಾನು ಬ್ಲೂಟೂತ್ ಸ್ಪೀಕರ್ ಹಚ್ಚಿದ್ದೆ. ಅದು ಹಾಡು ಕೇಳುವುದಕ್ಕೆ ಸರಿ, ನುಡಿಸುವುದಕ್ಕಲ್ಲ. ದನಿ ತಡವಾಗಿಯೇ ಬರುತ್ತದೆ. ತಂತಿಯ ಇಯರ್‌ಫೋನ್ ಹಾಕಿದೆ, ಅರ್ಧ ತೊಂದರೆ ಹೋಯಿತು. ಉಳಿದರ್ಧ ಬಫರ್‌ನಲ್ಲಿತ್ತು. ಕಂಪ್ಯೂಟರ್ ದನಿಯನ್ನು ಒಂದಿಷ್ಟು ಕೂಡಿಹಾಕಿ ಆಮೇಲೆ ಬಿಡುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ದನಿಯ ತುಣುಕು, ಲೆಕ್ಕದಲ್ಲಿ ಬಫರ್ 2048 ಇದ್ದರೆ ಸುಮಾರು 46 ಮಿಲಿಸೆಕೆಂಡ್ ತಡ. 256ಕ್ಕೆ ಇಳಿಸಿದರೆ 6 ಮಿಲಿಸೆಕೆಂಡೂ ಇಲ್ಲ. 128 ಮಾಡಿದಾಗ ನನ್ನ ಹಳೆ ಯಂತ್ರ ಚರಚರ ಅಂದಿತು, ಹಾಗಾಗಿ 256ಕ್ಕೆ ನಿಲ್ಲಿಸಿದೆ. ಹೊಸದಾಗಿ ಶುರು ಮಾಡುವವರು ಮೊದಲು ಈ ತಡ ಸರಿಮಾಡಿಕೊಳ್ಳಿ. ತಡ ಇರುವ ವಾದ್ಯದಲ್ಲಿ ಅಭ್ಯಾಸ ಮಾಡಿದರೆ ಬೆರಳು ಮುಂದೆ ಮುಂದೆ ಓಡುವುದನ್ನು ಕಲಿಯುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಇನ್ನು ಮನೆಗಳ ಲೆಕ್ಕ. ಕೆಳಗಿನ ಸಾಲಿನ ಝಡ್ ಬಿಳಿ ಒಂದು. ಅಲ್ಲಿಂದ ಎಕ್ಸ್, ಸಿ, ವಿ, ಬಿ, ಎನ್, ಎಂ ಎಲ್ಲ ಬಿಳಿ ಮನೆ. ಅದರ ಮೇಲಿನ ಸಾಲಿನ ಎಸ್, ಡಿ, ಜಿ, ಎಚ್, ಜೆ ಕಪ್ಪು ಮನೆ. ಕ್ಯೂ ಸಾಲಿನಿಂದ ಮುಂದಿನ ಸಪ್ತಕ, ಅದರ ಕಪ್ಪು ಮನೆ ಅಂಕಿಗಳ ಸಾಲಿನಲ್ಲಿ. ಎಂ ಆದ ಮೇಲೆ ಕ್ಯೂಗೆ ಹಾರಬೇಕು ಅನ್ನುವುದೇ ಕಿರಿಕಿರಿ. ಪೇಟಿಯಲ್ಲಿ ಪಕ್ಕದಲ್ಲೇ ಇರುವ ಮನೆ ಇಲ್ಲಿ ಎರಡು ಸಾಲು ಮೇಲೆ. ನಾನು ಯಾವ ಕೀಗೆ ಯಾವ ಸ್ವರ ಅಂತ ಬರೆದಿರುವ ಕೀಬೋರ್ಡ್ ಮ್ಯಾಪ್ ತೆರೆದು ಕೆಳಗಿನ ಸಾಲನ್ನೇ ಮುಂದುವರಿಸಿದೆ. ಅಲ್ಪವಿರಾಮದ ಕೀ ಮುಂದಿನ ಬಿಳಿ ಒಂದು, ಎಲ್ ಕಪ್ಪು ಒಂದು, ಪೂರ್ಣವಿರಾಮ ಬಿಳಿ ಎರಡು, ಅರ್ಧವಿರಾಮ ಕಪ್ಪು ಎರಡು.

ಹೀಗೆ ಮಾಡಿದ ಮೇಲೆ ಒಂದು ಚಂದದ ವಿಷಯ ಸಿಕ್ಕಿತು. ಭೂಪ್ ರಾಗವನ್ನು, ಅಂದರೆ ಕರ್ನಾಟಕ ಸಂಗೀತದ ಮೋಹನವನ್ನು, ಕಪ್ಪು ಮೂರರಿಂದ ಹಿಡಿದರೆ ಐದೂ ಸ್ವರ ಕಪ್ಪು ಮನೆಯಲ್ಲೇ ಬರುತ್ತವೆ. ಇದು ಪೇಟಿ ಕಲಿತವರಿಗೆಲ್ಲ ಗೊತ್ತು. ಕಂಪ್ಯೂಟರ್‌ನಲ್ಲಿ ಆ ಕಪ್ಪು ಮನೆಗಳೆಲ್ಲ ಟೈಪಿಂಗ್‌ನ ನಡುವಿನ ಸಾಲಿನಲ್ಲೇ ಇವೆ. ಜಿ ಸ, ಎಚ್ ರಿ, ಜೆ ಗ, ಎಲ್ ಪ, ಅರ್ಧವಿರಾಮ ಧ. ಕೆಳಗೆ ಇಳಿದರೆ ಡಿ ಮಂದ್ರದ ಧ, ಎಸ್ ಮಂದ್ರದ ಪ. ಇಪ್ಪತ್ತು ವರ್ಷದಿಂದ ನನ್ನ ಬೆರಳು ಕೂರುವ ಸಾಲು ಅದು! ಕಣ್ಣು ಮುಚ್ಚಿ ನುಡಿಸಿದೆ. ಆ ರಾತ್ರಿ ಭೂಪ್ ಬಿಟ್ಟು ಏಳಲಿಲ್ಲ.

ತಂತ್ರಾಂಶದಲ್ಲಿ ಎಲ್ಲ ಸ್ವರಗಳನ್ನೂ ಒಟ್ಟಿಗೆ ಮೇಲೆ ಕೆಳಗೆ ಸರಿಸುವ ಟ್ರಾನ್ಸ್‌ಪೋಸ್ ಅನ್ನುವ ಸೌಲಭ್ಯವೂ ಇದೆ. ಶ್ರುತಿ ಯಾವುದೇ ಇರಲಿ, ಬೆರಳು ಝಡ್‌ನಿಂದಲೇ ಶುರು ಮಾಡಬಹುದು. ಸ್ಕೇಲ್ ಚೇಂಜರ್ ಪೇಟಿ ಮಾಡುವ ಕೆಲಸ ಇದೇ. ಕಲಿಯುವವರು ಇದನ್ನು ಮುಟ್ಟಬಾರದು ಅಂತ ನನ್ನ ಅಭಿಪ್ರಾಯ. ನಮ್ಮ ಭಜನೆ ಕಪ್ಪು ಒಂದರಲ್ಲಿ ನಡೆಯುತ್ತದೆ. ಆ ಹಿಡಿತ ಬೆರಳಿಗೆ ಬರಬೇಕಾದರೆ ಅಲ್ಲಿಂದಲೇ ನುಡಿಸಬೇಕು. ಇಲ್ಲದಿದ್ದರೆ ಪೇಟಿ ಮುಂದೆ ಕೂತಾಗ ಕೈ ತಡಕಾಡುತ್ತದೆ.

ಜಾಸ್ತಿ ಕಾಡಿದ್ದು ಬೇರೆ. ಎಡಗೈಯಲ್ಲಿ ಸ, ಪ ಒತ್ತಿ ಹಿಡಿದು ಬಲಗೈಯಲ್ಲಿ ಪದ ನುಡಿಸಲು ಹೋದರೆ ಕೆಲವು ಸ್ವರ ಬರುತ್ತಲೇ ಇರಲಿಲ್ಲ. ಕೀ ಕೆಟ್ಟಿದೆ ಅಂದುಕೊಂಡೆ. ಒಂದೊಂದೇ ಒತ್ತಿದರೆ ಎಲ್ಲ ಸರಿ. ಆಮೇಲೆ ತಿಳಿಯಿತು. ಸಾದಾ ಕೀಬೋರ್ಡ್ ಒಳಗೆ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡಸಾಲು, ಉದ್ದಸಾಲು ಸೇರಿದ ಜಾಲ ಇರುತ್ತದೆ. ಒಂದು ಚೌಕದ ಮೂರು ಮೂಲೆ ಒತ್ತಿದರೆ ನಾಲ್ಕನೆಯದೂ ಒತ್ತಿದ ಹಾಗೆ ಕಾಣುತ್ತದೆ. ಆ ಗೊಂದಲ ಬೇಡ ಅಂತ ಕೀಬೋರ್ಡ್ ಮೂರನೇ ಕೀಯನ್ನೇ ಬಿಟ್ಟುಬಿಡುತ್ತದೆ. ಟೈಪ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಅಂಗಡಿಯಲ್ಲಿ ಅಕ್ಷರ ಅಳಿಸಿಹೋದ ಹಳೆ ಯುಎಸ್‌ಬಿ ಕೀಬೋರ್ಡ್ ಬಿದ್ದಿತ್ತು. ಅದನ್ನೂ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಎರಡಕ್ಕೂ ಜಾಲ ಬೇರೆ ಬೇರೆ, ಅಲ್ವಾ? ಎಡಗೈ ಹಳೆ ಕೀಬೋರ್ಡ್ ಮೇಲೆ ಎಸ್, ಎಚ್ ಒತ್ತಿ ಮಂದ್ರದ ಸ, ಪ ಹಿಡಿಯಿತು. ಬಲಗೈ ಲ್ಯಾಪ್‌ಟಾಪ್‌ನ ಮೇಲಿನ ಎರಡು ಸಾಲಿನಲ್ಲಿ ನುಡಿಸಿತು. ಅಲ್ಲಿ ಕಪ್ಪು ಒಂದರ ಸ ಅಂದರೆ ಅಂಕಿ 2. ಸ್ವರ ತಪ್ಪುವುದು ನಿಂತಿತು. ಎರಡರಲ್ಲೂ ಒಂದೇ ಕೀ ಒತ್ತಬಾರದು ಅಷ್ಟೇ. ಒಂದು ಕಡೆ ಬಿಟ್ಟರೆ ಸ್ವರ ನಿಂತುಹೋಗುತ್ತದೆ.

ಟೈಪಿಂಗ್ ಕೀಗೆ ಮೆಲ್ಲಗೆ ಒತ್ತಿದ್ದು, ಜೋರಾಗಿ ಒತ್ತಿದ್ದು ಗೊತ್ತಾಗುವುದಿಲ್ಲ. ಪಿಯಾನೋದವರಿಗೆ ಅದು ದೊಡ್ಡ ನಷ್ಟ. ಪೇಟಿಯಲ್ಲಂತೂ ದನಿ ಏರಿಸಿ ಇಳಿಸುವುದು ಬೆರಳಲ್ಲ, ಎಡಗೈಯಿಂದ ಗಾಳಿ ಹಾಕುವ ತಿದಿ. ಮೌಸ್‌ನಿಂದ ತಂತ್ರಾಂಶದ ಎಕ್ಸ್‌ಪ್ರೆಶನ್ ಅನ್ನುವ, ದನಿ ಏರಿಳಿಸುವ ಗುಂಡಿ ತಿರುಗಿಸಿ ತಿದಿಯ ಕೆಲಸ ಮಾಡಿಸಲು ನೋಡಿದೆ. ಏರಿಳಿತ ಬಂತು, ಉಸಿರು ಬರಲಿಲ್ಲ. ಎರಡು ದಿನಕ್ಕೆ ಬಿಟ್ಟೆ.

ಬೇಸಿಗೆಯಲ್ಲಿ ನಾವು ಮಲಗುವುದು ಮಾಳಿಗೆ ಮೇಲೆ. ರಾತ್ರಿ ಹನ್ನೊಂದಕ್ಕೆ, ಕರೆಂಟ್ ಹೋದರೂ, ಇಯರ್‌ಫೋನ್ ಹಾಕಿಕೊಂಡು ಪಲ್ಟಾ, ಅಂದರೆ ಸ್ವರಗಳನ್ನು ತಿರುತಿರುಗಿಸಿ ನುಡಿಸುವ ಅಭ್ಯಾಸ, ಮಾಡುತ್ತಿದ್ದೆ. ಪಕ್ಕದಲ್ಲಿ ಮಲಗಿದವರಿಗೆ ಕೇಳುತ್ತಿದ್ದದ್ದು ಟೈಪ್ ಮಾಡುವ ಸದ್ದು ಮಾತ್ರ.

ಪೇಟಿ ವಾಪಸ್ ಬಂದ ದಿನ ಬಲಗೈ ಸ್ವರ ಮರೆತಿರಲಿಲ್ಲ. ಎಡಗೈ ಮಾತ್ರ ತಿದಿ ಹಾಕುವುದನ್ನು ಆಗಾಗ ಮರೆಯುತ್ತಿತ್ತು. ಎರಡು ಮೂರು ದಿನದಲ್ಲಿ ಸರಿಹೋಯಿತು.

ಹಳೆ ಕೀಬೋರ್ಡ್ ಈಗ ಅಕ್ಕನ ಮಗಳದ್ದು. ಅವಳ ಕೈಗೆ ಇನ್ನೂ ತಿದಿ ನಿಲುಕುವುದಿಲ್ಲ. ಕೀಗಳ ಮೇಲೆ ಸ, ರಿ, ಗ ಚೀಟಿ ಅಂಟಿಸಿ ಕೊಟ್ಟಿದ್ದೇನೆ. ಮೊನ್ನೆ ಎಫ್, ಕೆ ಎರಡನ್ನೂ ಒತ್ತಿ ನೋಡಿ ಕೇಳಿದಳು, "ಮಾಮಾ, ಇವ್ಯಾಕ ಸುಮ್ನ ಕುಂತಾವ?" ಪೇಟಿ ತಂದು ಅವಳ ಮುಂದಿಟ್ಟೆ. ಎರಡು ಬಿಳಿ ಮನೆ ಅಂಟಿಕೊಂಡು, ನಡುವೆ ಕಪ್ಪು ಇಲ್ಲದ ಜಾಗದ ಮೇಲೆ ಅವಳ ಬೆರಳು ಇಡಿಸಿದೆ. ಪೇಟಿಯ ತುದಿತನಕ ಅಂಥ ಜಾಗಗಳನ್ನೆಲ್ಲ ಒಂದೊಂದಾಗಿ ಎಣಿಸುತ್ತಾ ಹೋದಳು.