ಟೆಸ್ಟ್ ಓಡುವಾಗ ವೆಬ್ ಆಪ್‌ಗೆ ಕಾನ್ಫಿಗ್ ಕೊಡುವುದು ಹೇಗೆ?

ಬ್ರೌಸರ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವೆಬ್ ಆಪ್, ಟೆಸ್ಟ್ ಓಡಿಸಿದೊಡನೆ ಡೇಟಾಬೇಸ್ ವಿಳಾಸವೇ ಸಿಗುತ್ತಿಲ್ಲವೆಂದು ಮುಗ್ಗರಿಸುತ್ತದೆ. ಇಂತಹ ಮೌಲ್ಯಗಳನ್ನು ಬರೆದಿಡುವ ಕಾನ್ಫಿಗ್ ಫೈಲ್ ಇದ್ದಲ್ಲೇ ಇದೆ, ಹೆಸರಿನಲ್ಲಿ ತಪ್ಪಿಲ್ಲ, ಒಳಗಿನ ಸಾಲುಗಳೂ ಸರಿಯಾಗಿವೆ. ಹೊಸಬರು ಇಲ್ಲಿ ಗಂಟೆಗಟ್ಟಲೆ ಒದ್ದಾಡುವುದನ್ನು ಕಂಡಿದ್ದೇನೆ. ಸಾಮಾನ್ಯವಾಗಿ ಕಾರಣ ಇಷ್ಟೇ: ಸರ್ವರ್ ಶುರುವಾಗುವುದು ಒಂದು ಫೋಲ್ಡರ್‌ನಿಂದ, ಟೆಸ್ಟ್ ಓಡುವುದು ಇನ್ನೊಂದರಿಂದ. ಕೋಡ್‌ನಲ್ಲಿ ಬರೀ ಫೈಲ್ ಹೆಸರು ಬರೆದಿದ್ದರೆ, ಪ್ರೋಗ್ರಾಂ ಆ ಹೊತ್ತಿಗೆ ತಾನು ನಿಂತಿರುವ ಫೋಲ್ಡರ್‌ನಲ್ಲಿ ಮಾತ್ರ ಅದನ್ನು ಹುಡುಕುತ್ತದೆ.

ವೆಬ್ ಆಪ್ ಕಟ್ಟಲು ಬಳಸುವ ಒಂದೊಂದು ಫ್ರೇಮ್‌ವರ್ಕ್‌ನಲ್ಲಿ ಇದು ಒಂದೊಂದು ರೂಪದಲ್ಲಿ ಎದುರಾಗುತ್ತದೆ. ಮೈಕ್ರೋಸಾಫ್ಟ್‌ನ ಹಳೆಯ ಎಎಸ್‌ಪಿ ಡಾಟ್‌ನೆಟ್‌ನ ಯೂನಿಟ್ ಟೆಸ್ಟ್‌ಗಳಿಗೆ ‘ವೆಬ್.ಕಾನ್ಫಿಗ್’ ಕಾಣಿಸುವುದೇ ಇಲ್ಲ, ಟೆಸ್ಟ್ ಪ್ರಾಜೆಕ್ಟ್ ತನ್ನದೇ ‘ಆಪ್.ಕಾನ್ಫಿಗ್’ ಅನ್ನು ಓದುತ್ತದೆ. ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಟೆಸ್ಟ್ ರಿಸೋರ್ಸಸ್ ಫೋಲ್ಡರ್‌ನೊಳಗೆ ‘ಅಪ್ಲಿಕೇಷನ್.ಪ್ರಾಪರ್ಟೀಸ್’ ಹೆಸರಿನ ಇನ್ನೊಂದು ಫೈಲ್ ಇಟ್ಟರೆ, ಅದು ಮುಖ್ಯ ಫೈಲ್‌ನೊಂದಿಗೆ ಬೆರೆಯದೆ ಅದನ್ನು ಪೂರ್ತಿಯಾಗಿ ಮರೆಮಾಡುತ್ತದೆ. ಇಲ್ಲಿ ನಾನು ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್ ಮತ್ತು ಟೆಸ್ಟ್ ಓಡಿಸುವ ಸಾಧನ ಪೈಟೆಸ್ಟ್ ಹಿಡಿದು ವಿವರಿಸುತ್ತೇನೆ. ಫ್ರೇಮ್‌ವರ್ಕ್ ಬೇರೆಯಾದರೂ ಕ್ರಮ ಇದೇ.

ಮೊದಲು ದಾರಿಯನ್ನು ಗಟ್ಟಿ ಮಾಡಿಕೊಳ್ಳಿ. ಫೈಲ್‌ನ ಸ್ಥಾನವನ್ನು ಕೋಡ್ ಇರುವ ಜಾಗದಿಂದ ಲೆಕ್ಕ ಹಾಕಿಸಿ. ಪೈಥಾನ್‌ನಲ್ಲಿ ಪ್ರತಿ ಮಾಡ್ಯೂಲ್‌ಗೂ (ಒಂದು ಕೋಡ್ ಫೈಲ್‌ಗೂ) ತನ್ನ ಫೈಲ್ ಎಲ್ಲಿದೆಯೆಂಬುದು ಗೊತ್ತಿರುತ್ತದೆ. ಅಲ್ಲಿಂದ ಆರಂಭಿಸಿದರೆ ಟೆಸ್ಟ್ ಅನ್ನು ಯಾವ ಫೋಲ್ಡರ್‌ನಿಂದ ಓಡಿಸಿದರೂ ದಾರಿ ತಪ್ಪುವುದಿಲ್ಲ. ಸೆಕ್ಷನ್‌ಗಳಾಗಿ ವಿಂಗಡಿಸಿದ ಐಎನ್‌ಐ ಮಾದರಿಯ ಫೈಲ್ ಓದುವ, ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಬಳಸುವವರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಅದರ ‘ರೀಡ್’ ಫಂಕ್ಷನ್, ಫೈಲ್ ಸಿಗದಿದ್ದರೂ ತಕರಾರು ಮಾಡದೆ ಸುಮ್ಮನೆ ಮುಂದೆ ಹೋಗುತ್ತದೆ. ದೋಷ ಎಷ್ಟೋ ಸಾಲುಗಳ ಆಚೆ, ‘ಸೆಕ್ಷನ್ ಇಲ್ಲ’ ಎಂಬ ರೂಪದಲ್ಲಿ ಹೊರಬೀಳುತ್ತದೆ. ‘ರೀಡ್’ ತಾನು ಓದಿದ ಫೈಲ್‌ಗಳ ಪಟ್ಟಿಯನ್ನು ಹಿಂದಿರುಗಿಸುತ್ತದೆ. ಆ ಪಟ್ಟಿ ಖಾಲಿಯಿದ್ದರೆ ಅಲ್ಲೇ ಎರರ್ ಎಸೆಯಿರಿ.

ಎರಡನೆಯ ಹೆಜ್ಜೆಯೇ ಇಡೀ ಕೆಲಸದ ತಿರುಳು. ಅನೇಕರು ಮಾಡ್ಯೂಲ್ ಇಂಪೋರ್ಟ್ ಆಗುತ್ತಿದ್ದಂತೆಯೇ ಕಾನ್ಫಿಗ್ ಓದುವಂತೆ ಬರೆದಿರುತ್ತಾರೆ. ಆಗ ಟೆಸ್ಟ್ ಬಾಯಿ ತೆರೆಯುವ ಮೊದಲೇ ಅಸಲಿ ಮೌಲ್ಯಗಳು ಒಳಗೆ ಬಂದು ಕುಳಿತಿರುತ್ತವೆ. ಇದನ್ನು ತಪ್ಪಿಸಲು ಆಪ್ ಕಟ್ಟುವ ಕೆಲಸವನ್ನು ಒಂದು ಫಂಕ್ಷನ್ ಒಳಗೆ ಹಾಕಿ. ಫ್ಲಾಸ್ಕ್ ಬಳಗದಲ್ಲಿ ಅದಕ್ಕೆ ‘ಕ್ರಿಯೇಟ್_ಆಪ್’ ಎನ್ನುವ ರೂಢಿಯಿದೆ. ಅದಕ್ಕೆ ‘ಟೆಸ್ಟ್_ಕಾನ್ಫಿಗ್’ ಎಂಬ ಒಂದು ಆರ್ಗ್ಯುಮೆಂಟ್ ಇರಲಿ. ಏನೂ ಕೊಡದಿದ್ದರೆ ಆಪ್ ಎಂದಿನಂತೆ ಫೈಲ್ ಓದಬೇಕು. ಟೆಸ್ಟ್ ತನ್ನದೇ ಡಿಕ್ಷನರಿ (ಕೀ ಎಂಬ ಹೆಸರು ಮತ್ತು ಅದರ ಮೌಲ್ಯದ ಜೋಡಿಗಳು) ಕೊಟ್ಟರೆ ಅಸಲಿ ಫೈಲ್‌ನತ್ತ ತಿರುಗಿಯೂ ನೋಡದೆ ಫ್ಲಾಸ್ಕ್‌ನ ‘ಫ್ರಂ_ಮ್ಯಾಪಿಂಗ್’ ಮೂಲಕ ಅದನ್ನು ತುಂಬಿಕೊಳ್ಳಬೇಕು. ಕೀಗಳ ಹೆಸರು ಇಂಗ್ಲಿಷ್‌ನ ದೊಡ್ಡಕ್ಷರದಲ್ಲೇ ಇರಬೇಕು, ಸಣ್ಣಕ್ಷರದ ಕೀಗಳನ್ನು ಫ್ಲಾಸ್ಕ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಇಲ್ಲಿ ಅನುಕ್ರಮವೂ ಮುಖ್ಯ. ಡೇಟಾಬೇಸ್ ಸಂಪರ್ಕದಂತಹ ಎಕ್ಸ್‌ಟೆನ್ಷನ್‌ಗಳು (ಫ್ಲಾಸ್ಕ್‌ಗೆ ಜೋಡಿಸುವ ಹೆಚ್ಚುವರಿ ಭಾಗಗಳು), ಅವನ್ನು ಜೋಡಿಸುವ ‘ಇನಿಟ್_ಆಪ್’ ಕರೆದ ಗಳಿಗೆಯಲ್ಲೇ ವಿಳಾಸವನ್ನು ಓದಿಕೊಳ್ಳುತ್ತವೆ. ಆಮೇಲೆ ಕಾನ್ಫಿಗ್ ಬದಲಿಸಿದರೆ, ಮುದ್ರಿಸಿ ನೋಡಿದಾಗ ಹೊಸ ವಿಳಾಸ ಕಂಡರೂ ಸಂಪರ್ಕ ಹಳೆಯ ಡೇಟಾಬೇಸ್‌ನೊಂದಿಗೇ ಇರುತ್ತದೆ. ಮೌಲ್ಯ ತುಂಬುವುದು ಮೊದಲು, ಎಕ್ಸ್‌ಟೆನ್ಷನ್ ಜೋಡಿಸುವುದು ನಂತರ.

ಈ ತಪ್ಪಿಗೆ ನಾನು ಬೆಲೆ ತೆತ್ತಿದ್ದೇನೆ. ಹಿಂದೆ ನಾನಿದ್ದ ತಂಡದಲ್ಲಿ, ಪ್ರತಿ ಟೆಸ್ಟ್ ಮುಗಿದ ಮೇಲೆ ಟೇಬಲ್‌ಗಳನ್ನು ಖಾಲಿ ಮಾಡುವ ಕೋಡ್ ಬರೆದಿದ್ದೆ. ಕಾನ್ಫಿಗ್ ತಡವಾಗಿ ಬದಲಾಗುತ್ತಿತ್ತು. ಎಲ್ಲರೂ ಹಂಚಿಕೊಂಡಿದ್ದ ಡೇಟಾಬೇಸ್ ಕ್ಷಣಮಾತ್ರದಲ್ಲಿ ಬರಿದಾಯಿತು. ಸಹೋದ್ಯೋಗಿಗಳ ಎರಡು ದಿನದ ದುಡಿಮೆ ಹೋಯಿತು. ಅಂದಿನಿಂದ ನಾನು ಬರೆಯುವ ಪ್ರತಿ ಟೆಸ್ಟ್ ಗುಂಪಿನ ಆರಂಭದಲ್ಲೂ ಒಂದು ಕಾವಲು ಇರುತ್ತದೆ: ಡೇಟಾಬೇಸ್ ಹೆಸರಿನಲ್ಲಿ ‘ಟೆಸ್ಟ್’ ಎಂಬ ಪದ ಇಲ್ಲದಿದ್ದರೆ ಒಂದು ಟೆಸ್ಟ್ ಕೂಡ ಓಡಕೂಡದು. ಪೈಥಾನ್‌ನ ಇನ್ನೊಂದು ಫ್ರೇಮ್‌ವರ್ಕ್ ಜಾಂಗೋದಲ್ಲಿ ಟೆಸ್ಟ್ ಡೇಟಾಬೇಸ್ ಹೆಸರಿನ ಆರಂಭದಲ್ಲಿ ‘ಟೆಸ್ಟ್_’ ತಾನಾಗಿಯೇ ಸೇರುತ್ತದೆ. ಫ್ಲಾಸ್ಕ್‌ನಲ್ಲಿ ಈ ಎಚ್ಚರಿಕೆ ನಮ್ಮ ಪಾಲಿನದು.

ಇನ್ನು ಟೆಸ್ಟ್ ಬದಿಯ ಕೆಲಸ ಸುಲಭ. ಪೈಟೆಸ್ಟ್ ತಾನಾಗಿಯೇ ಓದುವ ‘ಕಾನ್ಫ್‌ಟೆಸ್ಟ್’ ಫೈಲ್‌ನಲ್ಲಿ ಒಂದು ಫಿಕ್ಸ್‌ಚರ್ (ಟೆಸ್ಟ್‌ಗೆ ಬೇಕಾದ್ದನ್ನು ಸಿದ್ಧಪಡಿಸಿ ಕೊಡುವ ಫಂಕ್ಷನ್) ಬರೆದು, ಅದರಲ್ಲಿ ‘ಕ್ರಿಯೇಟ್_ಆಪ್’ ಕರೆಯಿರಿ. ಟೆಸ್ಟಿಂಗ್ ಕೀಗೆ ಟ್ರೂ ಕೊಡಿ, ಆಗ ದೋಷಗಳು ಎರರ್ ಪುಟದ ಹಿಂದೆ ಅಡಗದೆ ನೇರವಾಗಿ ಟೆಸ್ಟ್‌ಗೆ ಕಾಣಿಸುತ್ತವೆ. ಡೇಟಾಬೇಸ್‌ಗೆ ಪೈಟೆಸ್ಟ್ ಒದಗಿಸುವ ತಾತ್ಕಾಲಿಕ ಫೋಲ್ಡರ್‌ನಲ್ಲಿ, ‘ಟೆಸ್ಟ್’ ಪದವುಳ್ಳ ಹೆಸರಿನ ಎಸ್‌ಕ್ಯೂಲೈಟ್ ಫೈಲ್ ಸಾಕು.

ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಂದ, ಅಂದರೆ ಪ್ರೋಗ್ರಾಂನ ಹೊರಗೆ ಆಪರೇಟಿಂಗ್ ಸಿಸ್ಟಂನಲ್ಲಿ ಇಟ್ಟ ಹೆಸರುಗಳಿಂದ, ಮೌಲ್ಯ ತರುವವರು ನೆನಪಿಡಬೇಕಾದದ್ದೊಂದಿದೆ. ಅಲ್ಲಿಂದ ಬರುವುದೆಲ್ಲವೂ ಬರೀ ಪಠ್ಯವೇ (ಸ್ಟ್ರಿಂಗ್). ‘ಫಾಲ್ಸ್’ ಎಂಬ ಪದವನ್ನು, ಹೌದು–ಇಲ್ಲ ಮೌಲ್ಯವಾಗಿ ಬದಲಿಸುವ ಪೈಥಾನ್‌ನ ‘ಬೂಲ್’ಗೆ ಕೊಟ್ಟರೆ ಟ್ರೂ ಬರುತ್ತದೆ, ಏಕೆಂದರೆ ಅದು ಖಾಲಿಯಲ್ಲದ ಪದ. ಇಮೇಲ್ ಕಳುಹಿಸಬೇಡ ಎಂದು ಬರೆದಿದ್ದರೂ ಟೆಸ್ಟ್ ನಿಜವಾದ ಬಳಕೆದಾರರಿಗೆ ಇಮೇಲ್ ಕಳುಹಿಸಬಹುದು. ಪದವನ್ನು ಹೋಲಿಸಿ ನೋಡಿಯೇ ಹೌದು ಅಥವಾ ಇಲ್ಲ ಎಂದು ತೀರ್ಮಾನಿಸಿ. ಟೆಸ್ಟ್ ಒಳಗೆ ಇಂತಹ ವೇರಿಯಬಲ್ ಬದಲಿಸಲು ಪೈಟೆಸ್ಟ್‌ನ ‘ಮಂಕಿಪ್ಯಾಚ್’ ಎಂಬ ಫಿಕ್ಸ್‌ಚರ್ ಬಳಸಿದರೆ, ಟೆಸ್ಟ್ ಮುಗಿದೊಡನೆ ಹಳೆಯ ಮೌಲ್ಯ ತಾನಾಗಿಯೇ ಮರಳುತ್ತದೆ. ಕೈಯಾರೆ ಬದಲಿಸಿದರೆ ಅದು ಮುಂದಿನ ಟೆಸ್ಟ್‌ಗೂ ಸೋರುತ್ತದೆ.

ಇಷ್ಟಾದ ಮೇಲೆ ಒಂದು ಕೊರತೆ ಉಳಿಯುತ್ತದೆ. ಎಲ್ಲ ಟೆಸ್ಟ್‌ಗಳೂ ಬದಲಿ ಮೌಲ್ಯಗಳಿಂದಲೇ ನಡೆದರೆ ಅಸಲಿ ಫೈಲ್ ಓದುವ ಕೋಡ್‌ಗೆ ಪರೀಕ್ಷೆಯೇ ಆಗುವುದಿಲ್ಲ. ಅದಕ್ಕೆಂದು ಎರಡು ಟೆಸ್ಟ್ ಪ್ರತ್ಯೇಕವಾಗಿ ಬರೆಯಿರಿ. ಒಂದು, ತಾತ್ಕಾಲಿಕ ಫೋಲ್ಡರ್‌ನಲ್ಲಿ ಪುಟ್ಟ ಕಾನ್ಫಿಗ್ ಫೈಲ್ ಬರೆದು, ಅದನ್ನು ಓದಿಸಿ, ಮೌಲ್ಯಗಳು ಸರಿಯಾಗಿ ಬಂದವೇ ಎಂದು ನೋಡಲಿ. ಇನ್ನೊಂದು, ಬೇಕಾದ ಕೀಯೊಂದನ್ನು ಆ ಫೈಲ್‌ನಿಂದ ಬೇಕೆಂದೇ ತೆಗೆದುಹಾಕಿ, ಆ ಕೀಯ ಹೆಸರು ಹೇಳಿಯೇ ಆಪ್ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲಿ.